ಕಿಟಕಿ ಕಾಲಮ್ಮಿನಲ್ಲಿ ನಾನು ಬರೆದ 'ಇಲ್ಲ'

ಹೊಸದಾಗಿ ಕೆಲಸಕ್ಕೆ ಸೇರಿದ ಕಿರಿಯ ಇಂಜಿನಿಯರುಗಳು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೈಯಲ್ಲಿ ತರಬೇತಿಯಲ್ಲಿ ಕೊಟ್ಟ ಪುಸ್ತಕ, ಅದರಲ್ಲಿ 'ಇಂಧನ ಉಳಿಸುವ ಮನೆ' ಎಂಬ ಪಾಠ. "ಸಾರ್, ಇದಕ್ಕೂ ನಮ್ಮ ಕಟ್ಟಡದ ನಿಯಮಕ್ಕೂ ಏನು ವ್ಯತ್ಯಾಸ?" ಎಂದು ಕೇಳುತ್ತಾರೆ. ನಾನು ಹೇಳುವುದು ಇಷ್ಟೇ. ನಿಯಮ ಎಂದರೆ ಪಾಸ್ ಮಾರ್ಕು. ಮನೆ ಬೀಳಬಾರದು, ಒಳಗೆ ಉಸಿರಾಡಲು ಗಾಳಿ ಇರಬೇಕು, ಗೋಡೆಯಲ್ಲಿ ಇಂತಿಷ್ಟು ಕಿಟಕಿ ಇರಬೇಕು, ಅಷ್ಟನ್ನು ಅದು ಕೇಳುತ್ತದೆ. ಅದರೊಳಗೆ ಬಾಳುವವರು ಬೇಸಗೆಯಲ್ಲಿ ಬೆಂದರೋ, ಹಗಲಲ್ಲೇ ದೀಪ ಹಚ್ಚಿಕೊಂಡು ಕೂತರೋ ಎಂಬುದು ಅದರ ಪ್ರಶ್ನೆಪತ್ರಿಕೆಯಲ್ಲೇ ಇಲ್ಲ. ಇಷ್ಟು ಹೇಳಿದರೆ ಹುಡುಗರು ತಲೆಯಾಡಿಸಿ ಕಾಫಿ ಕುಡಿದು ಹೋಗುತ್ತಾರೆ. ಆದರೆ ಇದನ್ನು ಕಲಿಯಲು ನಾನು ಎಷ್ಟು ಜನರ ಗೋಡೆ ಕೆಡವಿಸಿದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆದಿಡುತ್ತಿದ್ದೇನೆ.

ನಾನು ಓವರ್‌ಸಿಯರ್ ಆಗಿ ಕಡೂರಿಗೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಆಮೇಲೆ ಹುದ್ದೆಯ ಹೆಸರು ಎರಡು ಮೂರು ಸಲ ಬದಲಾಯಿತು, ಸೈಕಲ್ಲು ಹೋಗಿ ಮೋಟಾರ್ ಸೈಕಲ್ಲು ಬಂತು, ಆ ಪುರಾಣ ಇಲ್ಲಿ ಬೇಡ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರರ ನಡುವೆಯೇ ನನ್ನನ್ನು ವರ್ಗ ಮಾಡುತ್ತಾ ನಿವೃತ್ತಿಯವರೆಗೂ ತಿರುಗಿಸಿದರು. ಕೈಯಲ್ಲಿ ಟೇಪು, ಕಂಕುಳಲ್ಲಿ ಅಳತೆ ಪುಸ್ತಕ, ತಲೆಯಲ್ಲಿ ನಿಯಮಾವಳಿ. ಗೋಡೆಯ ದಪ್ಪ ಎಷ್ಟು, ಚಾವಣಿ ಎಷ್ಟು ಎತ್ತರ, ನೆಲದ ವಿಸ್ತಾರಕ್ಕೆ ಕಿಟಕಿ ಎಷ್ಟು ಅಗಲ ಎಂಬುದೆಲ್ಲ ನನಗೆ ಬಾಯಿಪಾಠ. ಕಡೂರಿನಲ್ಲಿ ನಮ್ಮ ಕಚೇರಿಗೇ ಹೊಸ ಕಟ್ಟಡ ಬಂದಾಗ ಅದರ ಉಸ್ತುವಾರಿ ನನ್ನದು. ಆರ್‌ಸಿಸಿ ಚಾವಣಿ, ಇಟ್ಟಿಗೆ ಗೋಡೆ, ಪಶ್ಚಿಮಕ್ಕೆ ಸಾಲಾಗಿ ದೊಡ್ಡ ಕಿಟಕಿಗಳು. ಒಂದು ಅಂಗುಲವೂ ಆಚೀಚೆ ಆಗಿಲ್ಲವೆಂದು ಮೇಲಿನವರು ಬೆನ್ನು ತಟ್ಟಿದರು. ನನಗೆ ಆ ಕಟ್ಟಡವೆಂದರೆ ಅಷ್ಟು ಹೆಮ್ಮೆ, ಮೀಸೆ ತಿರುವಿಕೊಂಡೇ ಅದರ ಮೆಟ್ಟಿಲು ಹತ್ತುತ್ತಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಅಜ್ಜಂಪುರದಲ್ಲಿ. ಅಲ್ಲಿ ಮರುಳಪ್ಪ ಮೇಷ್ಟ್ರು ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಸರ್ಕಾರದ ಗೃಹಸಾಲಕ್ಕೆ ಅರ್ಜಿ ಹಾಕಿದ್ದರು. ಅವರ ಅಪ್ಪನ ಕಾಲದ ಮಣ್ಣಿನ ಮನೆಗೆ ಎರಡು ಕೋಣೆ ಸೇರಿಸಬೇಕಿತ್ತು. ನಾನು ಹೋಗಿ ನೋಡಿದೆ. ಗೋಡೆ ಮೊಳಕ್ಕಿಂತ ದಪ್ಪ, ಕಿಟಕಿ ಮಾತ್ರ ಇಲಿಬಿಲದಷ್ಟು. "ಮೇಷ್ಟ್ರೇ, ಈ ಮನೆ ನಿಯಮಕ್ಕೆ ಒಪ್ಪೋದಿಲ್ಲ. ನಾಲ್ಕು ಕಡೆ ಕಿಟಕಿ ಒಡೆಸಿ, ಆಮೇಲೆ ಸಹಿ" ಎಂದೆ. ಗೋಡೆ ಕಟ್ಟುವ ಓಬಣ್ಣ ಅಲ್ಲೇ ಇದ್ದ. ಮೂರು ತಲೆಮಾರಿನಿಂದ ಮಣ್ಣು ತುಳಿದು ಗೋಡೆ ಏರಿಸಿದ ವಂಶ ಅವನದು.

"ಸಾಮಿ, ಇದು ಇಟ್ಟಿಗೆ ಗೋಡೆ ಅಲ್ಲ. ಒಣಗಿ ಒಂದೇ ಮೈ ಆಗೈತೆ. ಈಗ ಹೊಟ್ಟೆ ಬಗೆದ್ರೆ ಕೂತ್ಕಂಡ್ಬಿಡ್ತದೆ" ಎಂದ.

"ನೀನು ಡಿಪ್ಲೊಮಾ ಓದಿದ್ದೀಯೇನಪ್ಪಾ?" ಎಂದೆ ನಾನು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಓಬಣ್ಣ ಹಾರೆ ತೆಗೆದುಕೊಂಡ. ನಾಲ್ಕು ಕಿಟಕಿ ಒಡೆದ. ಮುಂಗಾರಿನ ಎರಡನೆಯ ಮಳೆಗೆ ಪಡುವಣ ಗೋಡೆ ಅಡಿಯಿಂದ ಮುಡಿಯವರೆಗೆ ಸೀಳಿತು, ಮೂರನೆಯ ಮಳೆಗೆ ಕೂತುಹೋಯಿತು. ದೇವರ ದಯೆ, ಮನೆಯವರೆಲ್ಲ ಅಂದು ಬುಕ್ಕಾಂಬುಧಿಯ ನೆಂಟರ ಮನೆಗೆ ಹೋಗಿದ್ದರು. ನಾನು ಓಡಿ ಹೋದಾಗ ಮೇಷ್ಟ್ರು ಅಂಗಳದಲ್ಲಿ ನಿಂತಿದ್ದರು. ಸಾತ್ವಿಕ ಮನುಷ್ಯ, ದನಿ ಏರಿಸಲಿಲ್ಲ. "ಕಿಟಕಿ ಬಂತು ಇಂಜಿನಿಯರ್ರೇ, ಗೋಡೆ ಹೋಯ್ತು ನೋಡಿ" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಓಬಣ್ಣನೇ ಬಂದು ಬಿದ್ದ ಮಣ್ಣನ್ನೇ ನೆನೆಸಿ, ತುಳಿದು, ಮತ್ತೆ ಗೋಡೆ ಏರಿಸಿದ. ಹೊಸ ಮಣ್ಣು ಒಂದು ಬುಟ್ಟಿಯೂ ಬೇಕಾಗಲಿಲ್ಲ. ಬಿದ್ದ ಗೋಡೆಯಿಂದಲೇ ಗೋಡೆ ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ತರೀಕೆರೆಯಲ್ಲಿ ಇನ್ನೊಂದು ಬಗೆಯ ಪಾಠ. ಕೆಮ್ಮಣ್ಣುಗುಂಡಿ ರಸ್ತೆಯಲ್ಲಿ, ಬೆಟ್ಟದ ಬುಡಕ್ಕೆ ನೌಕರರ ವಸತಿಗೃಹ ಕಟ್ಟಿಸಿದೆವು. ಮಾದರಿ ನಕ್ಷೆ ಮೇಲಿನಿಂದ ಬಂದದ್ದು. ಕಡೂರಿನ ಬಯಲಿಗೂ ಅದೇ ನಕ್ಷೆ, ಬೆಟ್ಟದ ಬುಡಕ್ಕೂ ಅದೇ ನಕ್ಷೆ, ಮನೆಮಂದಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ. ಮಟ್ಟಸವಾದ ಚಾವಣಿಯ ಮೇಲೆ ಮಳೆಗಾಲವೆಲ್ಲ ನೀರು ನಿಂತು ಒಳಗೆ ತೊಟ್ಟಿಕ್ಕಿತು. ವಾಸಕ್ಕೆ ಬಂದ ಗುಮಾಸ್ತರೊಬ್ಬರು ಚಾವಣಿಯ ಮೇಲೆ ತಾವೇ ಇಳಿಜಾರಾಗಿ ಹೆಂಚು ಹೊದಿಸಿಕೊಂಡರು. ನಿಯಮದ ಪ್ರಕಾರ ಅದು ಅಕ್ರಮ. ನಾನು ನೋಟೀಸು ಬರೆದೆ, ಜೇಬಿನಲ್ಲಿಟ್ಟುಕೊಂಡೆ, ಕೊಡಲಿಲ್ಲ. ಆಗಲೇ ನನ್ನೊಳಗೆ ಏನೋ ಸಡಿಲವಾಗುತ್ತಿತ್ತು. ಆದರೂ ಪೂರ್ತಿ ಬುದ್ಧಿ ಬಂದಿರಲಿಲ್ಲ. ಬಂದಿದ್ದರೆ ಕರಿಬಸಮ್ಮ ಎಂಬವಳ ಮನೆಗೆ ಕುತ್ತು ತರುತ್ತಿರಲಿಲ್ಲ.

ಹಿರೇನಲ್ಲೂರು ಹೋಬಳಿಯ ಒಂದು ಊರು, ಹೆಸರು ಬೇಡ. ರಸ್ತೆ ಅಗಲ ಮಾಡಲು ಅಲ್ಲಿನ ಒಂದು ಸಾಲು ಮನೆಗಳನ್ನು ತೆಗೆಸಿ, ಊರ ಹೊರಗೆ ನಿವೇಶನ ಕೊಟ್ಟು, ಮಾದರಿ ನಕ್ಷೆಯಂತೆ ಹೊಸ ಮನೆ ಕಟ್ಟಿಸಿದೆವು. ತೆಳುವಾದ ಇಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಶೀಟು, ಎದುರುಬದುರು ಎರಡು ಕಿಟಕಿ. ನಿಯಮಕ್ಕೆ ನೂರಕ್ಕೆ ನೂರು. ಇಟ್ಟಿಗೆ ಸುಡಲು ಎಷ್ಟು ಲಾರಿ ಸೌದೆ ಬೂದಿಯಾಯಿತು ಎಂದು ಬರೆಯಲು ಅಳತೆ ಪುಸ್ತಕದಲ್ಲಿ ಜಾಗವಿರಲಿಲ್ಲ, ನಾನೂ ಬರೆಯಲಿಲ್ಲ.

ಕರಿಬಸಮ್ಮ ಆ ಸಾಲಿನವಳು. ಗಂಡ ತೀರಿಕೊಂಡಿದ್ದ. ಎರಡು ಎಮ್ಮೆ ಕಟ್ಟಿಕೊಂಡು, ಅಕ್ಕಪಕ್ಕದವರ ಮೊಸರನ್ನೂ ತಂದು ಕಡೆದು, ಕಡೂರಿನ ಎರಡು ಹೋಟೆಲುಗಳಿಗೆ ಬೆಣ್ಣೆ ಹಾಕುತ್ತಿದ್ದಳು. ಅದೇ ಅವಳ ಬದುಕು. ಬೆಣ್ಣೆ ಮಾರುವ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು. ಹೊಸ ಮನೆಗೆ ಒಕ್ಕಲು ಹೋಗುವ ಮೊದಲು ಮುತ್ತುಗದ ಎಲೆಯ ಮೇಲೆ ಒಂದು ನಿಂಬೆಗಾತ್ರ ಬೆಣ್ಣೆ ಇಟ್ಟು, ಬಾಗಿಲು ಹಾಕಿ, ಹೊತ್ತು ಇಳಿದ ಮೇಲೆ ತೆಗೆದು ನೋಡುವುದು. ಉಂಡೆ ಉಂಡೆಯಾಗೇ ಇದ್ದರೆ ಮನೆ ಒಪ್ಪಿಗೆ. ಕರಿಬಸಮ್ಮ ತನಗೆ ಕೊಟ್ಟ ಶೀಟಿನ ಮನೆಯಲ್ಲಿ ಹಾಗೇ ಇಟ್ಟು ನೋಡಿದಳು. ಮಾರನೆಯ ದಿನ ನನ್ನೆದುರು ಬೀಗದ ಕೈ ತಂದಿಟ್ಟಳು.

"ಯಾಕಮ್ಮ, ಮನೆ ಬೇಡ್ವಾ?"

"ಹೊತ್ತು ನೆತ್ತಿಗೆ ಬರೋದ್ರೊಳಗೆ ಬೆಣ್ಣೆ ನೀರಾಗಿ ಬಾಗ್ಲಿಗೆ ಹರ್ದು ಬಂದಿತ್ತು ಸಾಮಿ. ನಿಮ್ಮ ಮನೇಲಿ ಕೂತು ನಾನೇನ್ ತುಪ್ಪ ಕಾಯಿಸ್ಲಾ? ನನಗೆ ಜಾಗ ಒಂದು ಕೊಡಿ ಸಾಕು. ಹಳೆ ಮನೆ ಮಣ್ಣು ಐತೆ, ತೊಲೆ ಐತೆ, ನಾನೇ ಕಟ್ಕಂತೀನಿ."

ಕಟ್ಟಿಕೊಳ್ಳಲಿ ಎಂದೆವು. ಆದರೆ ಶರತ್ತು ಒಂದಿತ್ತು. ಮನೆ ನಿಯಮದಂತಿದೆ ಎಂದು ನಾನು ಸರ್ಟಿಫಿಕೇಟು ಕೊಟ್ಟರೆ ಮಾತ್ರ ನಿವೇಶನದ ಹಕ್ಕುಪತ್ರ. ಇಲ್ಲದಿದ್ದರೆ ಕಟ್ಟಿದ್ದನ್ನು ಕೆಡವಿ ಜಾಗ ಬಿಡಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆಗೆ ಸರ್ಟಿಫಿಕೇಟು ತೆಗೆದುಕೊಂಡು ನೋಡು ಎಂದು ಹೇಳುವುದನ್ನು ಮರೆತಿದ್ದರು.

ರಸ್ತೆಗೆ ಹೋದ ಹಳೆಯ ಮನೆಯ ಮಣ್ಣನ್ನೇ ಗಾಡಿಯಲ್ಲಿ ಹೇರಿಸಿ ತಂದು, ಅಜ್ಜಂಪುರದಿಂದ ಓಬಣ್ಣನನ್ನು ಕರೆಸಿ, ಸುಗ್ಗಿ ಮುಗಿಯುವುದರೊಳಗೆ ಮನೆ ಎಬ್ಬಿಸಿದಳು. ಮೊಳ ದಪ್ಪದ ಮಣ್ಣಿನ ಗೋಡೆ. ಮೇಲೆ ಹಳೆಯ ತೊಲೆ, ಜಂತೆ, ಅದರ ಮೇಲೆ ಲಕ್ಕಿ ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮೇಲೆ ನೀರು ಇಳಿಯದ ಕರ್ಲು ಮಣ್ಣು. ನಮ್ಮ ಕಡೆಯ ಮಾಳಿಗೆ ಮನೆ. ನಡುವೆ ಚಾವಣಿಯಲ್ಲಿ ಒಂದು ಬೆಳಕಿಂಡಿ, ಮಳೆ ಬಂದರೆ ಅದರ ಮೇಲೆ ಮಡಕೆ ಬೋರಲು ಹಾಕುವುದು.

ನಾನು ತಪಾಸಣೆಗೆ ಹೋದೆ. ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ನಮೂನೆ ತುಂಬಿದೆ. ಗೋಡೆ: ಮಣ್ಣು. ಚಾವಣಿ: ಮಣ್ಣು. ಕಿಟಕಿ ಎಂಬ ಕಾಲಮ್ಮಿಗೆ ಬಂದಾಗ ನಾಲ್ಕೂ ಗೋಡೆ ನೋಡಿದೆ. ಒಂದೂ ಕಾಣಲಿಲ್ಲ. 'ಇಲ್ಲ' ಎಂದು ಬರೆದೆ. ಷರಾ: ಬೆಳಕಿಲ್ಲ, ವಾಸಕ್ಕೆ ಯೋಗ್ಯವಲ್ಲ. ಅವಳು ಕೊಟ್ಟ ಮಜ್ಜಿಗೆ ಕುಡಿದೇ ಎದ್ದು ಬಂದೆ. ಮೇಷ್ಟ್ರ ಮನೆಯಲ್ಲಿ ಕಿಟಕಿ ಒಡೆಸಿ ಕೆಟ್ಟಿದ್ದೆನಲ್ಲ, ಇಲ್ಲಿ ಒಡೆಸಲಿಲ್ಲ ಎಂಬುದೇ ನನ್ನ ಮಟ್ಟಿಗೆ ದೊಡ್ಡ ಔದಾರ್ಯವಾಗಿತ್ತು.

ತಿಂಗಳು ಕಳೆದ ಮೇಲೆ ಕರಿಬಸಮ್ಮ ಕಡೂರಿನ ಕಚೇರಿಗೆ ಬಂದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದ.

"ಓದಿ ಹೇಳಿ ಸಾಮಿ, ನಂಗೆ ಅಕ್ಷರ ಬರಲ್ಲ. ಹಕ್ಕುಪತ್ರ ಬಂತೇನೋ ಅಂತ ತಗಂಡ್ ಬಂದೆ."

ಬಿಡಿಸಿದೆ. ಮನೆ ಕೆಡವಿ ನಿವೇಶನ ಬಿಡಬೇಕೆಂಬ ನೋಟೀಸು. ಕೆಳಗೆ ಕಾರಣವೆಂದು ನನ್ನ ವರದಿಯನ್ನೇ ಅಕ್ಷರಶಃ ಇಳಿಸಿದ್ದರು. ಓದಿದೆ, ಗೋಡೆ ಮಣ್ಣು, ಚಾವಣಿ ಮಣ್ಣು, ಕಿಟಕಿ ಇಲ್ಲ, ಬೆಳಕಿಲ್ಲ, ವಾಸಕ್ಕೆ ಯೋಗ್ಯವಲ್ಲ. ನನ್ನ ಬರಹವನ್ನು ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಗಿ ಬಂದದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ. ಅವಳು ಅಳಲಿಲ್ಲ. ಕಾಗದವನ್ನು ತೆಗೆದುಕೊಂಡು ಮತ್ತೆ ನಾಲ್ಕಾಗಿ ಮಡಚಿದಳು.

"ಕಿಟಕಿ ಇಲ್ಲ, ಕತ್ಲು ಮನೆ ಅಂತ ಬರ್ದೋರು ನೀವೇನಾ?"

"ಹೌದಮ್ಮ."

"ನಮ್ಮನೇ ಒಳಗೇ ಕೂತು ಬರ್ದ್ರಿ. ಹಗಲು ಹೊತ್ತು, ದೀಪ ಹಚ್ಚಿರ್ಲಿಲ್ಲ. ಬಾಗ್ಲು ನೀವೇ ಮುಂದೆ ಮಾಡಿದ್ರಿ, ಎಮ್ಮೆ ನುಗ್ತದೆ ಅಂತ. ಯಾವ ಬೆಳಕ್ನಾಗೆ ಬರ್ದ್ರಿ ಸಾಮಿ?"

ಬೆಳಕಿಂಡಿಯಿಂದ ಬಿದ್ದ ಬಿಸಿಲುಕೋಲು ನೇರ ನನ್ನ ಹಾಳೆಯ ಮೇಲೆಯೇ ಇತ್ತು. ಅದರಲ್ಲಿ ಕೂತು, ಕಣ್ಣು ಕಿರಿದು ಮಾಡದೆ, ಬೆಳಕಿಲ್ಲ ಎಂದು ಬರೆದಿದ್ದೆ. ನಿಯಮ ಗೋಡೆಯ ಕಿಟಕಿಯನ್ನು ಅಳೆಯಲು ಹೇಳಿತ್ತು, ನಾನು ತಲೆಯೆತ್ತಿ ನೋಡಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಭಯವಾಯಿತು. ನನ್ನ ಒಂದು ಪದಕ್ಕೆ ಇವಳ ಮನೆ ಬೀಳುತ್ತದಲ್ಲ ಎಂದು.

ಅಂದೇ ಎರಡನೆಯ ವರದಿ ಬರೆಯಲು ಕೂತೆ. ಪಕ್ಕದ ಮೇಜಿನವರು ಹೇಳಿದರು, "ಬೇಡ ಕಣ್ರೀ, ನಿಮ್ಮ ಸಹಿಗೆ ನೀವೇ ಎದುರು ಸಹಿ ಮಾಡಿದ್ರೆ ಸಸ್ಪೆಂಡ್ ಗ್ಯಾರಂಟಿ." ಆದರೂ ಬಿಡಲಿಲ್ಲ. ಶಿವಮೊಗ್ಗದಿಂದ ಎರಡು ತಾಪಮಾಪಕ ತರಿಸಿ, ಒಂದನ್ನು ಶೀಟಿನ ಮನೆಯಲ್ಲಿ, ಇನ್ನೊಂದನ್ನು ಕರಿಬಸಮ್ಮನ ಮನೆಯಲ್ಲಿ ತೂಗುಹಾಕಿ ಹದಿನೈದು ದಿನ ಗುರುತು ಹಾಕಿಕೊಂಡೆ. ಜೊತೆಗೆ ಎರಡೂ ಕಡೆ ಬೆಣ್ಣೆ ಇಡಿಸಿದೆ. ಒಂದು ಕಡೆ ಮಧ್ಯಾಹ್ನದೊಳಗೆ ಎಲೆ ಮಾತ್ರ ಉಳಿಯುತ್ತಿತ್ತು, ಇನ್ನೊಂದು ಕಡೆ ಸಂಜೆಗೂ ಉಂಡೆ ಹಾಗೇ. ಇದನ್ನೂ, ಬೆಳಕಿಂಡಿಯಿಂದ ಬೇಕಾದಷ್ಟು ಬೆಳಕು ಇದೆ ಎಂಬುದನ್ನೂ ವರದಿಯಲ್ಲಿ ಬರೆದೆ. ಕೊನೆಗೆ, 'ಮನೆ ಮಾದರಿ ನಕ್ಷೆಯ ಪ್ರಕಾರ ಇಲ್ಲ. ಅದಕ್ಕಿಂತ ಉತ್ತಮವಾಗಿದೆ' ಎಂದು ಷರಾ ಹಾಕಿದೆ.

ಬೇಸಗೆ ಬಲಿತಾಗ ದೊಡ್ಡ ಸಾಹೇಬರು, ಅಂದರೆ ನಮ್ಮ ಎಕ್ಸಿಕ್ಯುಟಿವ್ ಇಂಜಿನಿಯರು, ಚಿಕ್ಕಮಗಳೂರಿನಿಂದ ಸ್ವತಃ ಬಂದರು. ಕಟ್ಟುನಿಟ್ಟಿನ ಮನುಷ್ಯ, ನಗುವುದನ್ನು ಯಾರೂ ಕಂಡಿರಲಿಲ್ಲ. ಜೀಪಿನಿಂದ ಇಳಿಯುತ್ತಲೇ ಎರಡೂ ವರದಿಗಳನ್ನು ನನ್ನ ಮುಂದೆ ಹಿಡಿದರು.

"ನೀವೇ ಇಲ್ಲ ಅಂತೀರಿ, ನೀವೇ ಇದೆ ಅಂತೀರಿ. ನಾನು ಯಾವ ಸಹಿ ನಂಬಬೇಕು?"

"ಎರಡನೇದು ಸಾರ್. ಮೊದಲನೇದು ಟೇಪು ನೋಡ್ಕೊಂಡು ಬರೆದದ್ದು. ಎರಡನೇದು ಮನೆ ನೋಡಿ ಬರೆದದ್ದು."

ಸಾಹೇಬರು ಮೊದಲು ಶೀಟಿನ ಮನೆಗೆ ಹೋಗಿ ಕುರ್ಚಿ ಹಾಕಿಸಿಕೊಂಡು ಕೂತರು. ಅಂಗಿ ಬೆನ್ನಿಗೆ ಅಂಟಿತು. ಕರವಸ್ತ್ರ ತೆಗೆದರು, ಆಮೇಲೆ ಫೈಲಿನಿಂದಲೇ ಗಾಳಿ ಹಾಕಿಕೊಂಡರು. ಹತ್ತು ನಿಮಿಷಕ್ಕೆ ಎದ್ದು ಕರಿಬಸಮ್ಮನ ಮನೆಗೆ ನಡೆದರು. ಬಾಗಿಲು ಮುಂದೆ ಮಾಡಿಸಿ ಚಾಪೆಯ ಮೇಲೆ ಕೂತು, ನಿಯಮಾವಳಿಯ ಪುಸ್ತಕ ಕೇಳಿದರು. ಅದರ ಅಕ್ಷರ ಸಾಸಿವೆಯಷ್ಟು ಸಣ್ಣದು. ಕನ್ನಡಕ ಏರಿಸಿ, ಬೆಳಕಿಂಡಿಯ ಬೆಳಕಿನಲ್ಲಿ ಗಾಳಿ ಬೆಳಕಿನ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಕರಿಬಸಮ್ಮ ಕಡೆಗೋಲು ಹಿಡಿದು, ಕಡೆಯದೆ, ಸಾಹೇಬರ ಮುಖವನ್ನೇ ನೋಡುತ್ತಿದ್ದಳು.

ಪುಸ್ತಕ ಮುಚ್ಚಿ ಸಾಹೇಬರು ತಲೆಯೆತ್ತಿದರು. ಸುಮ್ಮನೆ ಹೊಗಳಲಿಲ್ಲ. "ಒಲೆ ಹೊಗೆ ಎಲ್ಲಿಗೆ ಹೋಗುತ್ತಮ್ಮ?" ಎಂದರು.

"ಮನೆಯೆಲ್ಲ ಸುತ್ತಾಡಿ ಹೋಯ್ತದೆ ಬುದ್ಧಿ."

"ಗೋಡೆ ಬುಡಕ್ಕೆ ಥಂಡಿ ಏರೋದಿಲ್ವಾ?"

"ಏರ್ತದೆ. ಸುಳ್ಳು ಯಾಕೆ ಹೇಳ್ಲಿ?"

ಸಾಹೇಬರು ನನ್ನ ಕಡೆ ತಿರುಗಿದರು. "ಇದರ ತಪ್ಪನ್ನೂ ಬರೀರಿ. ನಿಯಮ ಹುಟ್ಟಿದ್ದು ಸುಮ್ಮನೆ ಅಲ್ಲ. ಗೋಡೆ ಬುಡಕ್ಕೆ ಮೊಣಕಾಲೆತ್ತರ ಕಲ್ಲು ಕೊಡಿಸಿ, ಒಲೆಗೆ ಹೊಗೆಕೊಳವೆ ಹಾಕಿಸಿ. ಉಳಿದದ್ದು ಮುಟ್ಟಬೇಡಿ." ಅಲ್ಲೇ ಚಾಪೆಯ ಮೇಲೆ ಆದೇಶ ಬರೆದರು. ವಿಶೇಷ ಪ್ರಕರಣವೆಂದು ಅನುಮತಿ ಕೊಟ್ಟಿದೆ, ಇದನ್ನು ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ. ಆಮೇಲೆ ಮಜ್ಜಿಗೆ ಕುಡಿದು ಗೋಡೆಗೆ ಒರಗಿದವರು ಹಾಗೇ ನಿದ್ದೆ ಹೋದರು. ಜೀಪಿನ ಚಾಲಕ ಎರಡು ಸಲ ಬಂದು ಇಣುಕಿ ಹೋದ.

ಸಾಹೇಬರ ಮಾತು ನನ್ನ ತಲೆಯಲ್ಲಿ ಸರಿಯಾಗಿ ಕೂತಿತು. ನಿಯಮವೂ ಬೇಕು, ಓಬಣ್ಣನೂ ಬೇಕು. ಥಂಡಿ, ಹೊಗೆ, ಗೆದ್ದಲು ಇವುಗಳ ವಿಷಯದಲ್ಲಿ ನಿಯಮವೇ ಸರಿ. ಸೆಕೆ, ಬೆಳಕು, ಸೌದೆಯ ವಿಷಯದಲ್ಲಿ ಓಬಣ್ಣನೇ ಸರಿ. ಇಬ್ಬರನ್ನೂ ಒಂದೇ ಮನೆಯಲ್ಲಿ ಕೂರಿಸುವುದೇ ನಮ್ಮ ಕೆಲಸ. ಕರಿಬಸಮ್ಮನ ಮನೆಗೆ ಕಲ್ಲಿನ ಬುಡ ಬಂತು, ಹೊಗೆಕೊಳವೆ ಬಂತು, ಆ ವರ್ಷವೇ ಹಕ್ಕುಪತ್ರವೂ ಬಂತು. ಎಂಬತ್ತರ ದಶಕದಲ್ಲಿ ಸಿಮೆಂಟು ಸಿಗದೆ ಕೆಲಸಗಳು ನಿಂತಾಗೆಲ್ಲ ನಾನು ಆ ಆದೇಶದ ಪ್ರತಿಯನ್ನು ಲಗತ್ತಿಸಿ ಮಾಳಿಗೆ ಮನೆಗಳಿಗೆ ಸಹಿ ಹಾಕಿದೆ. ಪೂರ್ವನಿದರ್ಶನ ಅಲ್ಲವೆಂದು ಬರೆದಿದ್ದ ಆದೇಶವನ್ನೇ ಪೂರ್ವನಿದರ್ಶನವಾಗಿ ತೋರಿಸಿ ಹತ್ತಾರು ಮನೆ ಉಳಿಸಿದ್ದೇನೆ. ಕೊನೆಯ ಸಾಲನ್ನು ಯಾರೂ ಓದುವುದಿಲ್ಲ ಎಂಬುದು ಸರ್ಕಾರಿ ಕಾಗದದ ಬಗ್ಗೆ ನಾನು ಕಲಿತ ದೊಡ್ಡ ಸತ್ಯ.

ನಾನು ನಿವೃತ್ತನಾದದ್ದು ಒಂದು ಮೇ ತಿಂಗಳ ಕೊನೆಗೆ. ಕಡೂರಿನ ಕಚೇರಿಯಲ್ಲಿ, ನಾನೇ ಕಟ್ಟಿಸಿದ ಕಟ್ಟಡದಲ್ಲಿ ಬೀಳ್ಕೊಡುಗೆ. ಕರೆಯದಿದ್ದರೂ ಕರಿಬಸಮ್ಮ ಬಂದಿದ್ದಳು. ತಲೆ ಪೂರ್ತಿ ನೆರೆತಿತ್ತು. ಮುತ್ತುಗದ ಎಲೆ, ಅದರ ಮೇಲೆ ಒದ್ದೆ ಬಟ್ಟೆ ಸುತ್ತಿದ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟು ಹಿಂದಿನ ಬೆಂಚಿನಲ್ಲಿ ಕೂತಳು. ಭಾಷಣಗಳು ಶುರುವಾದವು. ಒಬ್ಬರಾದ ಮೇಲೆ ಒಬ್ಬರು, ನನ್ನ ದಕ್ಷತೆ, ನನ್ನ ನಿಷ್ಠೆ. ಪಡುವಣ ಬಿಸಿಲು ನಾನು ಅಳೆದು ಅಳೆದು ಇಡಿಸಿದ ಆ ದೊಡ್ಡ ಕಿಟಕಿಗಳಿಂದ ನೇರ ಒಳಗೆ ಬಿತ್ತು. ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಮೂರನೆಯ ಭಾಷಣದ ಹೊತ್ತಿಗೆ ಗಂಟಿನಿಂದ ಬೆಣ್ಣೆ ಕರಗಿ ಇಳಿದು, ಮೇಜು ದಾಟಿ, ಮಡಿಲಲ್ಲಿದ್ದ ಸನ್ಮಾನದ ಶಾಲಿಗೆ ತೊಟ್ಟಿಕ್ಕಿತು.

ಕರಿಬಸಮ್ಮ ಎದ್ದು ಬಂದಳು. ಅವಳು ಗಂಟನ್ನು ನೋಡಿದಳು, ಚಾವಣಿ ನೋಡಿದಳು, ಕಿಟಕಿ ನೋಡಿದಳು.

"ಇದನ್ನ ಕಟ್ಟಿಸ್ದೋರು ಯಾರು ಸಾಮಿ?"

"ನಾನೇ ಕಣಮ್ಮ."

"ಮಾಡಿದ್ದುಣ್ಣೋ ಮಾರಾಯ ಅಂತ ಇಷ್ಟು ವರ್ಸ ಇದ್ರೊಳಗೇ ಕೂತಿದ್ರಾ?" ಎಂದು ಅವಳು ಕೇಳಿದ್ದು ಅಣಕಕ್ಕಲ್ಲ, ನಿಜವಾದ ಮರುಕದಿಂದ. ಎಲೆಯಲ್ಲಿ ಉಳಿದದ್ದನ್ನು ಮಡಚಿಕೊಂಡು, "ಇದು ಇಲ್ಲಿ ಇರಾಕಿಲ್ಲ. ನಾಳೆ ಕಡೀತೀನಿ. ನಿಮ್ಮ ಬೆಣ್ಣೆ ನಮ್ಮನೇಲೇ ಇರ್ತದೆ, ಅಲ್ಲಿಗೇ ಬನ್ನಿ" ಎಂದಳು.

ಜೂನ್ ಒಂದನೆಯ ತಾರೀಖು, ಕಚೇರಿಯಿಲ್ಲದ ನನ್ನ ಮೊದಲ ದಿನ, ಬಸ್ಸು ಹಿಡಿದು ಹೋದೆ. ಇಳಿದಾಗ ನಡುಹಗಲು, ಬಯಲೆಲ್ಲ ಬೇಯುತ್ತಿತ್ತು. ಅವಳು ಅದೇ ನಡುಮನೆಯಲ್ಲಿ ಚಾಪೆ ಹಾಕಿದಳು. ಬೆಳಕಿಂಡಿಯ ಬಿಸಿಲುಕೋಲು ಅಂದು ನಮೂನೆ ಇಟ್ಟುಕೊಂಡಿದ್ದ ಜಾಗದ ಮೇಲೇ ಬಿದ್ದಿತ್ತು, ಈಗ ಅಲ್ಲಿ ರಾಗಿ ರೊಟ್ಟಿಯ ತಟ್ಟೆಯಿತ್ತು. ಬೆಳಿಗ್ಗೆ ಕಡೆದ ಬೆಣ್ಣೆಯ ಉಂಡೆಯನ್ನು ಅವಳು ರೊಟ್ಟಿಯ ಮೇಲೆ ಇಟ್ಟಳು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ, ಹೆಬ್ಬೆರಳಿನಿಂದ ಒತ್ತಿ ಹಚ್ಚಬೇಕಾಯಿತು.